ಯಕೃತ್ತಿಗೆ ಹರಡಿದ ಮೇದೋಜೀರಕದ ನ್ಯೂರೋಎಂಡೋಕ್ರೈನ್ ಗಡ್ಡೆ: ಶಸ್ತ್ರಚಿಕಿತ್ಸೆ ಮೊದಲೋ, ಔಷಧ ಮೊದಲೋ?

ಪ್ರಶ್ನೆ – ರೋಗಿಯ ಮಗಳು

ಎಲ್ಲರಿಗೂ ನಮಸ್ಕಾರ. ನನ್ನ ತಂದೆಯವರಿಗೆ 58 ವರ್ಷ. ಬಹಳ ದಿನಗಳಿಂದ ಕಾಡುತ್ತಿದ್ದ ಬೆನ್ನುನೋವಿಗೆಂದು ಎರಡು ತಿಂಗಳ ಹಿಂದೆ ಮಾಡಿಸಿದ ಸಿಟಿ ಸ್ಕ್ಯಾನಿನಲ್ಲಿ ಮೇದೋಜೀರಕ ಗ್ರಂಥಿಯ ಬಾಲದ ಭಾಗದಲ್ಲಿ 5.5 ಸೆಂಟಿಮೀಟರಿನ ಒಂದು ಗಡ್ಡೆಯೂ ಯಕೃತ್ತಿನ ಎರಡೂ ಬದಿಗಳಲ್ಲಿ ಸೇರಿ ಒಂಬತ್ತು ಸಣ್ಣ ಗಡ್ಡೆಗಳೂ ಕಂಡುಬಂದವು. ಯಕೃತ್ತಿನಿಂದ ತೆಗೆದ ಬಯಾಪ್ಸಿಯ ವರದಿಯಲ್ಲಿ ನ್ಯೂರೋಎಂಡೋಕ್ರೈನ್ ಗಡ್ಡೆ, ಗ್ರೇಡ್ 2, ಕೆಐ-67 ಶೇ 8 ಎಂದು ಬರೆದಿದ್ದಾರೆ. ಈ ಜಾತಿಯ ಗಡ್ಡೆಗಳಿಗೆ ಅಂಟಿಕೊಳ್ಳುವ ವಿಕಿರಣಶೀಲ ವಸ್ತು ಕೊಟ್ಟು ಮಾಡುವ ಗ್ಯಾಲಿಯಂ-68 ಡೋಟಾಟೇಟ್ ಪೆಟ್ ಸ್ಕ್ಯಾನಿನಲ್ಲಿ ಈ ಎಲ್ಲ ಗಡ್ಡೆಗಳೂ ಹೊಳೆದಿವೆ. ಮೂಳೆಯಲ್ಲಾಗಲಿ ಶ್ವಾಸಕೋಶದಲ್ಲಾಗಲಿ ಏನೂ ಇಲ್ಲ. ಹಾರ್ಮೋನಿನ ತೊಂದರೆಯ ಲಕ್ಷಣಗಳೂ ಇಲ್ಲ. ವರದಿಯ ಕೊನೆಯ ಸಾಲಿನಲ್ಲಿ, ಗುಲ್ಮದ ಸಿರೆ ಮುಚ್ಚಿಕೊಂಡಿದೆ, ಜಠರದ ಗೋಡೆಯ ಸಿರೆಗಳು ಉಬ್ಬಿವೆ ಎಂದೂ ಇದೆ.

ಒಬ್ಬ ಶಸ್ತ್ರಚಿಕಿತ್ಸಕರು ಮೇದೋಜೀರಕದ ಬಾಲವನ್ನು ಗುಲ್ಮದೊಂದಿಗೆ ತೆಗೆದು, ಯಕೃತ್ತಿನ ಗಡ್ಡೆಗಳನ್ನೂ ಒಂದೇ ಬಾರಿಗೆ ಅಥವಾ ಎರಡು ಹಂತಗಳಲ್ಲಿ ತೆಗೆಯೋಣ ಎನ್ನುತ್ತಾರೆ. ಇನ್ನೊಬ್ಬ ವೈದ್ಯರು, ಹರಡಿದ ಮೇಲೆ ಕತ್ತರಿಸಿ ಪ್ರಯೋಜನವೇನು, ತಿಂಗಳಿಗೊಂದು ಚುಚ್ಚುಮದ್ದು ಆರಂಭಿಸಿ ಆರು ತಿಂಗಳು ನೋಡೋಣ ಎನ್ನುತ್ತಾರೆ. ಇಬ್ಬರೂ ಅನುಭವಿಗಳು, ಇಬ್ಬರ ಮಾತಿನಲ್ಲೂ ಅನುಮಾನದ ಸುಳಿವಿಲ್ಲ. ನಮ್ಮ ಗೊಂದಲಕ್ಕೆ ಅದೇ ಕಾರಣ. ಯಕೃತ್ತಿನಲ್ಲಿರುವುದನ್ನೆಲ್ಲ ತೆಗೆಯಲಾಗದಿದ್ದರೆ ಮೂಲ ಗಡ್ಡೆಯೊಂದನ್ನೇ ತೆಗೆಯುವುದರಲ್ಲಿ ಅರ್ಥವಿದೆಯೇ? ಆರು ತಿಂಗಳು ಕಾದರೆ ಶಸ್ತ್ರಚಿಕಿತ್ಸೆಯ ಅವಕಾಶವೇ ಕೈತಪ್ಪಿ ಹೋಗುತ್ತದೆಯೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1 – ಶಸ್ತ್ರಚಿಕಿತ್ಸಕ

ನಿಮ್ಮ ತಂದೆಯವರ ಸ್ಕ್ಯಾನುಗಳನ್ನು ನಾನು ನೋಡಿಲ್ಲ. ಆದ್ದರಿಂದ ಇದನ್ನು ಸಲಹೆಯೆಂದು ಭಾವಿಸದೆ, ನಿಮ್ಮ ವೈದ್ಯರೊಂದಿಗೆ ಮಾತನಾಡುವಾಗ ಏನನ್ನು ಕೇಳಬೇಕೆಂಬುದಕ್ಕೆ ಒಂದು ಸಿದ್ಧತೆಯೆಂದು ಓದಿಕೊಳ್ಳಿ.

ಮೇದೋಜೀರಕದ ಕ್ಯಾನ್ಸರ್ ಎಂದೊಡನೆ ಜನರ ಮನಸ್ಸಿಗೆ ಬರುವುದು ಅಡಿನೊಕಾರ್ಸಿನೋಮ. ಅದು ಜೀರ್ಣರಸವನ್ನು ಸಾಗಿಸುವ ನಾಳಗಳ ಕೋಶಗಳಿಂದ ಹುಟ್ಟುವ ರೋಗ. ಯಕೃತ್ತಿಗೆ ಹರಡಿದ ಮೇಲೆ ಅಲ್ಲಿ ಶಸ್ತ್ರಚಿಕಿತ್ಸೆಗೆ ಸಾಮಾನ್ಯವಾಗಿ ಸ್ಥಾನವಿಲ್ಲ. ನಿಮ್ಮ ತಂದೆಯವರದು ಹಾರ್ಮೋನುಗಳಿಗೆ ಸಂಬಂಧಿಸಿದ ಕೋಶಗಳ ಗಡ್ಡೆ. ಇದು ನಿಧಾನವಾಗಿ ಬೆಳೆಯುತ್ತದೆ, ಎಷ್ಟೋ ಸಲ ವರ್ಷಗಟ್ಟಲೆ ಯಕೃತ್ತನ್ನು ಬಿಟ್ಟು ಬೇರೆಡೆ ಹೋಗುವುದಿಲ್ಲ. ಹಾಗಾಗಿಯೇ ಹರಡಿದ ನಂತರವೂ ಇಲ್ಲಿ ಕತ್ತರಿಯ ಮಾತು ಬರುತ್ತದೆ. 'ಹರಡಿದ ಮೇಲೆ ಪ್ರಯೋಜನವೇನು' ಎಂಬ ಮಾತು ಮೊದಲನೆಯ ರೋಗಕ್ಕೆ ಹೊಂದುವಷ್ಟು ಎರಡನೆಯದಕ್ಕೆ ಹೊಂದುವುದಿಲ್ಲ.

ಕೆಐ-67 ಶೇ 8 ಎಂದರೆ, ಎಣಿಸಿದ ಪ್ರತಿ ನೂರು ಗಡ್ಡೆಕೋಶಗಳಲ್ಲಿ ಎಂಟು ವಿಭಜನೆಯ ಹಾದಿಯಲ್ಲಿವೆ ಎಂದರ್ಥ. ವಿಶ್ವ ಆರೋಗ್ಯ ಸಂಸ್ಥೆಯ 2019ರ ವರ್ಗೀಕರಣದಂತೆ ಶೇ 3ಕ್ಕಿಂತ ಕಡಿಮೆಯಿದ್ದರೆ ಗ್ರೇಡ್ 1, ಶೇ 3ರಿಂದ 20ರವರೆಗೆ ಗ್ರೇಡ್ 2, ಅದಕ್ಕೂ ಹೆಚ್ಚಿದ್ದರೆ ಗ್ರೇಡ್ 3. ಕೋಶಗಳ ರೂಪವೇ ಕೆಟ್ಟುಹೋಗಿರುವ ನ್ಯೂರೋಎಂಡೋಕ್ರೈನ್ ಕಾರ್ಸಿನೋಮ ಬೇರೆಯೇ ಜಾತಿಯದು. ಅದು ಹರಡಿದ್ದರೆ ನಾವು ಚಾಕು ಎತ್ತುವುದಿಲ್ಲ, ಕೀಮೋಥೆರಪಿಯೇ ಅಲ್ಲಿ ಮೊದಲ ಮಾರ್ಗ. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಬಯಾಪ್ಸಿಯಲ್ಲಿ ಬರುವುದು ದಾರದಷ್ಟು ತೆಳುವಾದ ತುಣುಕು, ಅದನ್ನು ತೆಗೆದದ್ದು ಒಂಬತ್ತರಲ್ಲಿ ಒಂದೇ ಗಡ್ಡೆಯಿಂದ. ಉಳಿದವುಗಳಲ್ಲಿ ಯಾವುದಾದರೂ ಹೆಚ್ಚು ಉಗ್ರವಾಗಿರಬಹುದೇ ಎಂಬ ಅನುಮಾನವಿದ್ದರೆ, ಸಕ್ಕರೆಯಂಥ ವಿಕಿರಣಶೀಲ ವಸ್ತು ಬಳಸುವ ಎಫ್‌ಡಿಜಿ ಪೆಟ್ ಸ್ಕ್ಯಾನ್ ಅದನ್ನು ತೋರಿಸಿಕೊಡುತ್ತದೆ.

ಇನ್ನು ಯಕೃತ್ತು. ಒಂಬತ್ತು ಎಂಬ ಸಂಖ್ಯೆಗಿಂತ, ಅವು ಎಲ್ಲಿವೆ ಮತ್ತು ಅವನ್ನು ತೆಗೆದ ಮೇಲೆ ಎಷ್ಟು ಆರೋಗ್ಯಕರ ಯಕೃತ್ತು ಉಳಿಯುತ್ತದೆ ಎಂಬುದು ಮುಖ್ಯ. ಯಕೃತ್ತು ಮೊದಲಿನಿಂದ ಚೆನ್ನಾಗಿದ್ದರೆ ಸುಮಾರು ಶೇ 25ರಿಂದ 30ರಷ್ಟು ಉಳಿದರೂ ಸಾಕಾಗುತ್ತದೆ. ಎರಡು ಹಂತಗಳೆಂದು ನಿಮ್ಮ ಶಸ್ತ್ರಚಿಕಿತ್ಸಕರು ಹೇಳಿರುವುದು ಬಹುಶಃ ಇದನ್ನೇ: ಮೊದಲ ಹಂತದಲ್ಲಿ ಮೇದೋಜೀರಕದ ಬಾಲವನ್ನು ತೆಗೆದು, ಯಕೃತ್ತಿನ ಎಡಭಾಗದ ಸಣ್ಣ ಗಡ್ಡೆಗಳನ್ನು ಚೂರುಚೂರಾಗಿ ಕತ್ತರಿಸಿ ಅಥವಾ ಸೂಜಿಯಿಂದ ಸುಟ್ಟು ಆ ಭಾಗವನ್ನು ಸ್ವಚ್ಛಗೊಳಿಸುತ್ತಾರೆ, ನಂತರ ಕರುಳಿನ ರಕ್ತವನ್ನು ಯಕೃತ್ತಿಗೆ ತರುವ ಪೋರ್ಟಲ್ ಸಿರೆಯ, ಬಲಭಾಗಕ್ಕೆ ಹೋಗುವ ಕವಲನ್ನು ಮುಚ್ಚಿದರೆ ಕೆಲವು ವಾರಗಳಲ್ಲಿ ಎಡಭಾಗ ಹಿಗ್ಗಿ ಬೆಳೆಯುತ್ತದೆ, ಅದು ಸಾಕಷ್ಟು ಬೆಳೆದ ಮೇಲೆ ಬಲಭಾಗವನ್ನು ತೆಗೆಯುತ್ತಾರೆ. ಎಲ್ಲ ಭಾಗಗಳಲ್ಲೂ ಅಕ್ಕಿ ಚೆಲ್ಲಿದಂತೆ ಗಡ್ಡೆಗಳಿದ್ದರೆ ಈ ದಾರಿ ಇಲ್ಲ.

ಸಿಟಿಯಲ್ಲಿ ಒಂಬತ್ತು ಕಂಡವರಿಗೆ, ಯಕೃತ್ತಿನ ಕೋಶಗಳು ಹೀರಿಕೊಳ್ಳುವ ವಿಶೇಷ ಕಾಂಟ್ರಾಸ್ಟ್ ಕೊಟ್ಟು ಎಂಆರ್‌ಐ ಮಾಡಿದಾಗ ಹದಿನಾಲ್ಕು ಕಂಡರೆ ನನಗೆ ಆಶ್ಚರ್ಯವಾಗುವುದಿಲ್ಲ. ತೆಗೆದ ಯಕೃತ್ತನ್ನು ಪೆಥಾಲಜಿಯವರು ಬ್ರೆಡ್ಡಿನ ಹೋಳುಗಳಂತೆ ತೆಳುವಾಗಿ ಕತ್ತರಿಸುತ್ತಾ ಹೋದರೆ ಯಾವ ಸ್ಕ್ಯಾನಿಗೂ ಸಿಗದಿದ್ದ ಕಾಳಿನಷ್ಟು ಗಡ್ಡೆಗಳು ಹೋಳುಗಳ ನಡುವೆ ಇಣುಕುತ್ತವೆ. ಆದ್ದರಿಂದ 'ಪೂರ್ತಿ ತೆಗೆದಿದ್ದೇವೆ' ಎಂದು ನಾವು ಹೇಳಿದರೆ, ಕಣ್ಣಿಗೆ ಕಂಡದ್ದನ್ನು ಪೂರ್ತಿ ತೆಗೆದಿದ್ದೇವೆ ಎಂದು ತಿಳಿದುಕೊಳ್ಳಬೇಕು. ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ನ್ಯೂರೋಎಂಡೋಕ್ರೈನ್ ಗಡ್ಡೆಗಳಿಗಾಗಿ ಯಕೃತ್ತಿನ ಶಸ್ತ್ರಚಿಕಿತ್ಸೆಗೊಳಗಾದ 170 ರೋಗಿಗಳ ವಿವರ 2003ರಲ್ಲಿ ಪ್ರಕಟವಾಯಿತು. ಐದು ವರ್ಷಗಳ ನಂತರ ಶೇ 61ರಷ್ಟು ಮಂದಿ ಬದುಕಿದ್ದರು. ಆದರೆ ಅಷ್ಟರಲ್ಲಿ ಶೇ 84ರಷ್ಟು ಮಂದಿಗೆ ರೋಗ ಮರಳಿತ್ತು. ಈ ಎರಡು ಅಂಕಿಗಳನ್ನು ಒಟ್ಟಿಗೇ ನೋಡಬೇಕು. ಶಸ್ತ್ರಚಿಕಿತ್ಸೆಯಿಂದ ಸಿಗುವುದು ಹೆಚ್ಚಿನವರಿಗೆ ಕಾಲಾವಕಾಶವೇ ಹೊರತು ಮುಕ್ತಿಯಲ್ಲ, ಆ ಕಾಲಾವಕಾಶ ಕೆಲವರಿಗೆ ಬಹಳ ದೀರ್ಘವಾಗಿರುತ್ತದೆ.

ಎಲ್ಲವನ್ನೂ ತೆಗೆಯಲಾಗದಿದ್ದರೆ? ಗಡ್ಡೆಯ ಒಟ್ಟು ಹೊರೆಯ ಶೇ 90ರಷ್ಟನ್ನಾದರೂ ತೆಗೆಯಬಹುದಾದರೆ ಮಾತ್ರ ಕೈಹಾಕಬೇಕು ಎಂಬುದು ಹಿಂದಿನ ನಿಯಮವಾಗಿತ್ತು. ಇತ್ತೀಚಿನ ವರ್ಷಗಳಲ್ಲಿ ಹಲವು ಕೇಂದ್ರಗಳು ಶೇ 70ರ ಮಿತಿಯನ್ನೂ ಒಪ್ಪುತ್ತಿವೆ. ಇನ್ಸುಲಿನ್‌ನಂಥ ಹಾರ್ಮೋನನ್ನು ಸುರಿಸುವ ಗಡ್ಡೆಯಾದರೆ ಹೊರೆ ಇಳಿಸುವುದರ ಲಾಭ ಮರುದಿನವೇ ಕಾಣುತ್ತದೆ. ನಿಮ್ಮ ತಂದೆಯವರಿಗೆ ಆ ಲಾಭವಿಲ್ಲ.

ಅವರ ವಿಷಯದಲ್ಲಿ ನನ್ನ ಗಮನವನ್ನು ಹಿಡಿದು ನಿಲ್ಲಿಸಿದ್ದು ನೀವು ಕೊನೆಯಲ್ಲಿ ಬರೆದ ಸಾಲು. ಗುಲ್ಮದಿಂದ ರಕ್ತವನ್ನು ಒಯ್ಯುವ ಸಿರೆ ಮೇದೋಜೀರಕದ ಬೆನ್ನಿಗೇ ಅಂಟಿಕೊಂಡು ಸಾಗುತ್ತದೆ. ಗಡ್ಡೆ ಅದನ್ನು ಮುಚ್ಚಿದರೆ ರಕ್ತವು ಜಠರದ ಸಣ್ಣ ಸಿರೆಗಳ ಮೂಲಕ ಸುತ್ತುದಾರಿ ಹಿಡಿಯುತ್ತದೆ. ಆ ಸಿರೆಗಳು ಉಬ್ಬಿ, ಒಂದು ದಿನ ಒಡೆದು ರಕ್ತವಾಂತಿಯಾಗಬಹುದು. ಬಾಲವನ್ನೂ ಗುಲ್ಮವನ್ನೂ ತೆಗೆದರೆ ಈ ಅಪಾಯ ಬುಡಸಮೇತ ಹೋಗುತ್ತದೆ. ಹೀಗಾಗಿ ನಿಮ್ಮ ಮೊದಲ ಪ್ರಶ್ನೆಗೆ, ಅವರ ಮಟ್ಟಿಗೆ, ನನ್ನ ಉತ್ತರ 'ಅರ್ಥವಿರಬಹುದು' ಎಂದು. ಅದಕ್ಕೆ ಕಾರಣ ಆಯುಸ್ಸಿನ ಲೆಕ್ಕಾಚಾರಕ್ಕಿಂತ ಹೆಚ್ಚಾಗಿ ಈ ಸಿರೆ. ಗಡ್ಡೆ ಬಾಲದಲ್ಲಿರುವುದೂ ಅನುಕೂಲವೇ. ಅದು ಮೇದೋಜೀರಕದ ತಲೆಯಲ್ಲಿದ್ದಿದ್ದರೆ ನಾನು ಇಷ್ಟು ಸುಲಭವಾಗಿ ಹೀಗೆ ಬರೆಯುತ್ತಿರಲಿಲ್ಲ. ಅಲ್ಲಿ ಮಾಡುವ ವಿಪಲ್ ಶಸ್ತ್ರಚಿಕಿತ್ಸೆಯಲ್ಲಿ ಪಿತ್ತನಾಳವನ್ನು ಕರುಳಿಗೆ ಜೋಡಿಸುವುದರಿಂದ ಕರುಳಿನ ಬ್ಯಾಕ್ಟೀರಿಯಾಗಳಿಗೆ ಯಕೃತ್ತಿನ ಬಾಗಿಲು ತೆರೆದಂತಾಗುತ್ತದೆ. ಮುಂದೆಂದಾದರೂ ಯಕೃತ್ತಿನ ಗಡ್ಡೆಗಳಿಗೆ ರಕ್ತ ಪೂರೈಸುವ ಅಪಧಮನಿಯನ್ನು ಮುಚ್ಚುವ ಎಂಬೊಲೈಸೇಷನ್ ಬೇಕಾದರೆ ಅಲ್ಲಿ ಕೀವುಗಡ್ಡೆಯಾಗುವ ಸಂಭವ ಬಹಳ ಹೆಚ್ಚುತ್ತದೆ.

ಗುಲ್ಮ ತೆಗೆಯುವುದೆಂದು ನಿಶ್ಚಯವಾದರೆ ನ್ಯೂಮೊಕಾಕಸ್, ಮೆನಿಂಜೊಕಾಕಸ್ ಮತ್ತು ಹೀಮೋಫಿಲಸ್ ಲಸಿಕೆಗಳನ್ನು ಕನಿಷ್ಠ ಎರಡು ವಾರ ಮೊದಲೇ ಹಾಕಿಸಬೇಕು. ದಿನ ಗೊತ್ತಾದ ಮೇಲೆ ನೆನಪಾಗುವ ವಿಷಯವಿದು. ಮುಂದೆ ಸೊಮಾಟೊಸ್ಟಾಟಿನ್ ಗುಂಪಿನ ಚುಚ್ಚುಮದ್ದು (ಇನ್ನೊಬ್ಬ ವೈದ್ಯರು ಹೇಳಿದ ತಿಂಗಳಿಗೊಂದರ ಚುಚ್ಚುಮದ್ದು ಬಹುಶಃ ಇದೇ) ಬೇಕಾಗುವ ಸಾಧ್ಯತೆಯಿದ್ದರೆ ಪಿತ್ತಕೋಶವನ್ನೂ ಅದೇ ಸಲ ತೆಗೆಯುವ ಬಗ್ಗೆ ಕೇಳಿ, ಏಕೆಂದರೆ ಆ ಔಷಧದಿಂದ ಪಿತ್ತಗಲ್ಲುಗಳಾಗುವುದು ಸಾಮಾನ್ಯ.

ಉತ್ತರ 2 – ನಾಲ್ಕು ವರ್ಷಗಳ ಹಿಂದೆ ಇದೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು

ಮೇಡಂ, ನಾನು ವೈದ್ಯನಲ್ಲ. ನನಗೂ ಬಾಲದಲ್ಲೇ ಗಡ್ಡೆಯಿತ್ತು, ಯಕೃತ್ತಿನಲ್ಲಿ ನಾಲ್ಕು. ಎಲ್ಲವನ್ನೂ ಒಂದೇ ದಿನ ತೆಗೆದರು. ವೈದ್ಯರು ಅಪಾಯಗಳ ಪಟ್ಟಿ ಓದುವಾಗ ತಲೆಯಾಡಿಸಿ ಸಹಿ ಹಾಕಿದ್ದೆ. ಅದರಲ್ಲಿ 'ಸೋರಿಕೆ' ಎಂಬ ಪದದ ಅರ್ಥ ಆಗ ನನಗೆ ಹೊಳೆದಿರಲಿಲ್ಲ.

ಮೇದೋಜೀರಕವನ್ನು ಕತ್ತರಿಸಿದ ತುದಿಯಿಂದ ಜೀರ್ಣರಸ ಹೊಟ್ಟೆಯೊಳಗೆ ಒಸರುವುದೇ ಸೋರಿಕೆ. ಅದು ಹೊರಬರಲೆಂದು ಪಕ್ಕೆಯಲ್ಲಿ ಒಂದು ಕೊಳವೆ ಇಟ್ಟಿರುತ್ತಾರೆ. ಮೂರನೆಯ ದಿನ ಆ ನೀರಿನಲ್ಲಿ ಅಮೈಲೇಸ್ ಎಂಬ ಜೀರ್ಣಕಿಣ್ವ ಎಷ್ಟಿದೆ ಎಂದು ಪರೀಕ್ಷಿಸಿದರು. ರಕ್ತದಲ್ಲಿ ಇರಬಹುದಾದ ಗರಿಷ್ಠ ಪ್ರಮಾಣದ ಮೂರು ಪಟ್ಟು ದಾಟಿದರೆ ಸೋರಿಕೆ ಎನ್ನುತ್ತಾರಂತೆ, ನನ್ನದು ಅದಕ್ಕಿಂತ ಬಹಳ ಹೆಚ್ಚಿತ್ತು. ಗ್ರಂಥಿ ಮೃದುವಾಗಿದ್ದಷ್ಟೂ ಹೊಲಿಗೆ ನಿಲ್ಲುವುದು ಕಷ್ಟ, ನಮ್ಮಂಥ ಗಡ್ಡೆಗಳಲ್ಲಿ ಗ್ರಂಥಿ ಹಾಗೆಯೇ ಇರುತ್ತದೆ ಎಂದು ಹೇಳಿದರು. ಕೊಳವೆಯೊಂದಿಗೇ ಮನೆಗೆ ಬಂದೆ. ಬೆಳಗ್ಗೆ ಎದ್ದೊಡನೆ ಚೀಲವನ್ನು ಅಳತೆಯ ಲೋಟಕ್ಕೆ ಬಗ್ಗಿಸುವುದು, ಎಷ್ಟು ಮಿಲಿಲೀಟರ್, ಯಾವ ಬಣ್ಣ ಎಂದು ನೋಟ್‌ಬುಕ್ಕಿನಲ್ಲಿ ಬರೆಯುವುದು ನನ್ನ ಹೆಂಡತಿಯ ಕೆಲಸವಾಯಿತು. 180, 160, 165, 90 ಎಂದು ಇಳಿಯುತ್ತಾ ಬಂದ ಆ ಅಂಕಣ ಇಂದಿಗೂ ನಮ್ಮಲ್ಲಿದೆ. ಐದನೆಯ ವಾರ ಕೊಳವೆ ತೆಗೆದರು.

ಆಸ್ಪತ್ರೆಯಲ್ಲಿ ಯಾರೂ ಸರಿಯಾಗಿ ಹೇಳದಿದ್ದ ಇನ್ನೊಂದು ವಿಷಯ, ಮೇದೋಜೀರಕದ ಜೀರ್ಣರಸದ ಕೊರತೆ ತುಂಬಲು ಕೊಡುವ ಕಿಣ್ವದ ಕ್ಯಾಪ್ಸೂಲಿನದು. ಊಟ ಮುಗಿಸಿ ಮಾತ್ರೆ ನುಂಗುವ ಅಭ್ಯಾಸದಂತೆ ಅದನ್ನೂ ಕೊನೆಗೆ ನುಂಗುತ್ತಿದ್ದೆ. ಮಲ ಜಿಡ್ಡುಜಿಡ್ಡಾಗಿ ತೇಲುತ್ತಿತ್ತು, ತೂಕ ಇಳಿಯುತ್ತಲೇ ಇತ್ತು. ಮೊದಲ ತುತ್ತಿನೊಂದಿಗೆ ಒಂದು, ಊಟದ ನಡುವೆ ಮತ್ತೊಂದು ತೆಗೆದುಕೊಳ್ಳಬೇಕೆಂದು ಎರಡು ತಿಂಗಳ ನಂತರ ಆಹಾರತಜ್ಞೆಯೊಬ್ಬರು ಹೇಳಿಕೊಟ್ಟ ಮೇಲೆ ತೂಕ ನಿಂತಿತು. ಸಕ್ಕರೆಯ ಮಟ್ಟವೂ ಸ್ವಲ್ಪ ಏರಿದೆ, ಅದಕ್ಕೆ ಮಾತ್ರೆ ಸಾಕಾಗಿದೆ.

26 ತಿಂಗಳಾದ ಮೇಲೆ ಯಕೃತ್ತಿನಲ್ಲಿ ಮತ್ತೆ ಎರಡು ಗಡ್ಡೆಗಳು ಕಾಣಿಸಿಕೊಂಡವು. ಒಂದನ್ನು ಸೂಜಿಯಿಂದ ಸುಟ್ಟರು, ಇನ್ನೊಂದು ರಕ್ತನಾಳದ ಪಕ್ಕದಲ್ಲಿರುವುದರಿಂದ ಚುಚ್ಚುಮದ್ದಿನ ಮೇಲೆ ನಿಗಾದಲ್ಲಿದೆ. ಆ 26 ತಿಂಗಳು ಯಾವ ಔಷಧವೂ ಇಲ್ಲದೆ ಕೆಲಸಕ್ಕೆ ಹೋಗಿಬಂದಿದ್ದೇನೆ. ಮತ್ತೆ ಅದೇ ಆಯ್ಕೆ ಎದುರಾದರೆ ಮಾಡಿಸಿಕೊಳ್ಳುತ್ತೇನೆ, ಆದರೆ ಸೋರಿಕೆಯ ಬಗ್ಗೆ ಮೊದಲು ಹತ್ತು ಪ್ರಶ್ನೆ ಕೇಳುತ್ತೇನೆ.

ಉತ್ತರ 3 – ಕ್ಯಾನ್ಸರ್ ಔಷಧ ಚಿಕಿತ್ಸೆಯ ವೈದ್ಯೆ

ಮೊದಲನೆಯ ಉತ್ತರದ ಬಹುಭಾಗವನ್ನು ಒಪ್ಪುತ್ತೇನೆ. ಆದರೆ 'ನೋಡೋಣ' ಎಂದ ವೈದ್ಯರ ಪರವಾಗಿಯೂ ಯಾರಾದರೂ ಮಾತನಾಡಬೇಕು.

ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಹೆಚ್ಚು ಕಾಲ ಬದುಕಿದರು ಎನ್ನುವ ವರದಿಗಳೆಲ್ಲ ಬಹುಪಾಲು ಹಳೆಯ ದಾಖಲೆಗಳನ್ನು ತಿರುವಿಹಾಕಿ ಬರೆದಂಥವು. ಯಾರ ವಯಸ್ಸು ಕಡಿಮೆಯೋ, ಯಾರ ಹೃದಯ ಗಟ್ಟಿಯೋ, ಯಾರ ಗಡ್ಡೆ ನಿಧಾನದ್ದೋ ಅವರನ್ನೇ ಶಸ್ತ್ರಚಿಕಿತ್ಸಕರು ಆರಿಸಿಕೊಂಡಿರುತ್ತಾರೆ. ಅಂಥವರು ಚಾಕು ಮುಟ್ಟದಿದ್ದರೂ ಹೆಚ್ಚು ಕಾಲ ಬದುಕುತ್ತಿದ್ದರೇನೋ. ಯಕೃತ್ತಿನದನ್ನು ಹಾಗೆಯೇ ಬಿಟ್ಟು ಮೂಲ ಗಡ್ಡೆಯೊಂದನ್ನೇ ತೆಗೆಯುವ ಪ್ರಶ್ನೆಯಲ್ಲಂತೂ ಈ ಸಂದೇಹ ಇನ್ನೂ ಬಲವಾಗಿದೆ.

ಔಷಧದ ಪಕ್ಷಕ್ಕೆ ಪ್ಲಸೀಬೊ (ಔಷಧವಿಲ್ಲದ ಹುಸಿಮದ್ದು) ಎದುರಿಟ್ಟು ನಡೆಸಿದ ಪ್ರಯೋಗಗಳ ಬೆಂಬಲವಿದೆ. 2014ರಲ್ಲಿ ಪ್ರಕಟವಾದ ಕ್ಲಾರಿನೆಟ್ ಪ್ರಯೋಗದಲ್ಲಿ ಕೆಐ-67 ಶೇ 10ಕ್ಕಿಂತ ಕಡಿಮೆಯಿದ್ದ 204 ರೋಗಿಗಳಿದ್ದರು. ನಿಮ್ಮ ತಂದೆಯವರ ಶೇ 8 ಆ ಮಿತಿಯೊಳಗೇ ಬರುತ್ತದೆ. 28 ದಿನಗಳಿಗೊಮ್ಮೆ 120 ಮಿಲಿಗ್ರಾಂ ಲ್ಯಾನ್ರಿಯೊಟೈಡ್ ಎಂಬ ಸೊಮಾಟೊಸ್ಟಾಟಿನ್ ಗುಂಪಿನ ಚುಚ್ಚುಮದ್ದು ಪಡೆದವರಲ್ಲಿ ರೋಗ ಮುಂದುವರಿಯುವುದು ಸ್ಪಷ್ಟವಾಗಿ ತಡವಾಯಿತು. ಈ ಚುಚ್ಚುಮದ್ದು ಗಡ್ಡೆಯನ್ನು ತಡೆದು ನಿಲ್ಲಿಸುತ್ತದೆ, ಕುಗ್ಗಿಸುವುದು ಅಪರೂಪ. ಕುಗ್ಗಿಸಬೇಕೆಂದಿದ್ದರೆ ಕ್ಯಾಪೆಸಿಟಬೀನ್ ಮತ್ತು ಟೆಮೊಜೊಲೊಮೈಡ್ ಎಂಬ ಕೀಮೋಥೆರಪಿ ಮಾತ್ರೆಗಳ ಜೋಡಿ ಇದೆ, ಡೋಟಾಟೇಟ್‌ಗೆ ಲುಟೀಷಿಯಂ-177 ಸೇರಿಸಿ ಗಡ್ಡೆಗೇ ವಿಕಿರಣ ತಲುಪಿಸುವ ಪಿಆರ್‌ಆರ್‌ಟಿ ಇದೆ. ಪೆಟ್ ಸ್ಕ್ಯಾನಿನಲ್ಲಿ ಎಲ್ಲ ಗಡ್ಡೆಗಳೂ ಹೊಳೆದಿವೆ ಎಂದರೆ ಆ ಬಾಗಿಲು ನಿಮಗೆ ತೆರೆದಿದೆ. ಇಂದು ತೆಗೆಯಲಾಗದ್ದನ್ನು ಈ ಚಿಕಿತ್ಸೆಗಳಿಂದ ಕುಗ್ಗಿಸಿ ನಂತರ ಶಸ್ತ್ರಚಿಕಿತ್ಸೆಗೆ ಒಪ್ಪಿಸಿದ ರೋಗಿಗಳನ್ನು ನಾನೇ ನೋಡಿದ್ದೇನೆ.

ನಿಮ್ಮ ಎರಡನೆಯ ಪ್ರಶ್ನೆ, ಕಾದರೆ ಅವಕಾಶ ತಪ್ಪುತ್ತದೆಯೇ ಎಂಬುದು. ಗ್ರೇಡ್ 2, ಶೇ 8ರ ಗಡ್ಡೆ ಮೂರು ನಾಲ್ಕು ತಿಂಗಳಲ್ಲಿ ಚಿತ್ರವನ್ನೇ ಬದಲಿಸಿಬಿಡುವುದು ವಿರಳ. ಅಕಸ್ಮಾತ್ ಹಾಗೆ ಬದಲಿಸಿ, ಹೊಸ ಜಾಗಗಳಲ್ಲಿ ಕಾಣಿಸಿಕೊಂಡರೆ, ದೊಡ್ಡ ಶಸ್ತ್ರಚಿಕಿತ್ಸೆ ಮಾಡಿಸಿ ಹಾಸಿಗೆ ಹಿಡಿದಿದ್ದರೂ ಅದು ಹಾಗೆಯೇ ಆಗುತ್ತಿತ್ತು. ಕಾಯುವ ಅವಧಿಯಲ್ಲಿ ರೋಗದ ವೇಗ ತಿಳಿಯುತ್ತದೆ; ಯಾವ ಬಯಾಪ್ಸಿಯೂ ಆ ಮಾಹಿತಿಯನ್ನು ಕೊಡಲಾರದು. ಆದರೆ ಆರು ತಿಂಗಳು ಕಣ್ಣುಮುಚ್ಚಿ ಕೂರಬೇಡಿ, ಮೂರು ತಿಂಗಳಿಗೇ ಸ್ಕ್ಯಾನ್ ಕೇಳಿ.

ಉಬ್ಬಿದ ಸಿರೆಗಳ ವಿಷಯದಲ್ಲಿ ಮಾತ್ರ ಶಸ್ತ್ರಚಿಕಿತ್ಸಕರ ವಾದಕ್ಕೆ ತಲೆಬಾಗುತ್ತೇನೆ. ಚುಚ್ಚುಮದ್ದು ಮುಚ್ಚಿದ ಸಿರೆಯನ್ನು ತೆರೆಯುವುದಿಲ್ಲ. ಎಂಡೋಸ್ಕೋಪಿ ಆಗಿಲ್ಲದಿದ್ದರೆ ಉಳಿದ ಚರ್ಚೆಗೆ ಮೊದಲು ಅದಾಗಲಿ. ಸಿರೆಗಳು ದೊಡ್ಡದಾಗಿದ್ದರೆ ಕಾಯುವ ಪರವಾಗಿ ನಾನು ಮೇಲೆ ಬರೆದದ್ದರ ತೂಕ ಬಹಳ ಕಡಿಮೆಯಾಗುತ್ತದೆ.

ಎರಡು ಸಣ್ಣ ವಿಚಾರಗಳು. ತಂದೆಯವರು ಆಮ್ಲ ಕಡಿಮೆ ಮಾಡುವ ಪ್ಯಾಂಟೊಪ್ರಜೋಲ್‌ನಂಥ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಈ ಗಡ್ಡೆಗಳ ಸೂಚಕವಾಗಿ ರಕ್ತದಲ್ಲಿ ಅಳೆಯುವ ಕ್ರೋಮೊಗ್ರಾನಿನ್ ಎ ಸುಮ್ಮಸುಮ್ಮನೆ ಏರಿರುತ್ತದೆ, ಆ ಅಂಕಿ ನೋಡಿ ಹೆದರಬೇಡಿ. ಕುಟುಂಬದಲ್ಲಿ ಯಾರಿಗಾದರೂ ಪ್ಯಾರಾಥೈರಾಯ್ಡ್ ಅಥವಾ ಪಿಟ್ಯುಟರಿ ಗಡ್ಡೆಯಿತ್ತೇ ಎಂದು ವಿಚಾರಿಸಿ, ರಕ್ತದ ಕ್ಯಾಲ್ಸಿಯಂ ಒಮ್ಮೆ ನೋಡಿಸಿ; ಎಂಇಎನ್-1 ಎಂಬ ಆನುವಂಶಿಕ ಸ್ಥಿತಿಯಾದರೆ ಶಸ್ತ್ರಚಿಕಿತ್ಸೆಯ ಲೆಕ್ಕ ಬೇರೆಯಾಗುತ್ತದೆ.

ರೋಗಿಯ ಮಗಳು

ಮೂವರಿಗೂ ಕೃತಜ್ಞತೆಗಳು. ಎಂಡೋಸ್ಕೋಪಿ ಇನ್ನೂ ಆಗಿಲ್ಲ; ನಮಗೆ ಅದರ ಅಗತ್ಯವನ್ನು ಯಾರೂ ಹೇಳಿರಲಿಲ್ಲ. ಒಂದು ಪ್ರಶ್ನೆ ಉಳಿದಿದೆ. ನಮ್ಮ ಬಂಧುಗಳೊಬ್ಬರು ಆ್ಯಪಲ್ ಕಂಪನಿಯ ಸ್ಟೀವ್ ಜಾಬ್ಸ್ ಅವರ ಹೆಸರು ಹೇಳಿ, ಯಕೃತ್ತನ್ನೇ ಬದಲಾಯಿಸಬಾರದೇ ಎಂದು ಕೇಳುತ್ತಿದ್ದಾರೆ. ಅದು ಸಾಧ್ಯವೇ?

ಉತ್ತರ 4 – ಶಸ್ತ್ರಚಿಕಿತ್ಸಕ

ಜಾಬ್ಸ್ ಅವರಿಗೆ 2003ರಲ್ಲಿ ಇದೇ ಜಾತಿಯ ರೋಗ ಪತ್ತೆಯಾಗಿ, 2004ರಲ್ಲಿ ಶಸ್ತ್ರಚಿಕಿತ್ಸೆಯೂ 2009ರಲ್ಲಿ ಯಕೃತ್ತಿನ ಕಸಿಯೂ ಆಯಿತು, 2011ರಲ್ಲಿ ತೀರಿಕೊಂಡರು. ಒಬ್ಬರ ಕಥೆಯಿಂದ ಕಸಿ ಒಳ್ಳೆಯದೆಂದೋ ಕೆಟ್ಟದೆಂದೋ ತೀರ್ಮಾನಿಸಲಾಗದು.

ಕಸಿಗೆ ಇಟಲಿಯ ಮಿಲಾನ್ ನಗರದ ತಂಡ ರೂಪಿಸಿದ ಮಾನದಂಡಗಳನ್ನು ಹೆಚ್ಚಾಗಿ ಅನುಸರಿಸುತ್ತಾರೆ: ಗಡ್ಡೆ ಕಡಿಮೆ ಗ್ರೇಡಿನದ್ದಾಗಿರಬೇಕು, ಮೂಲ ಗಡ್ಡೆಯನ್ನು ಮೊದಲೇ ಪೂರ್ತಿ ತೆಗೆದಿರಬೇಕು, ಯಕೃತ್ತಿನ ಹೊರಗೆ ರೋಗವಿರಬಾರದು, ಯಕೃತ್ತಿನ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಗಡ್ಡೆ ಆಕ್ರಮಿಸಿರಬಾರದು, ವಯಸ್ಸು ಸುಮಾರು 60ರೊಳಗಿರಬೇಕು, ಮತ್ತು ಕನಿಷ್ಠ ಆರು ತಿಂಗಳು ರೋಗ ಸ್ಥಿರವಾಗಿರಬೇಕು. ಆ ತಂಡ 2016ರಲ್ಲಿ ಪ್ರಕಟಿಸಿದಂತೆ, ಕಸಿಯಾದವರಲ್ಲಿ ಐದು ವರ್ಷಗಳ ನಂತರ ಶೇ 97 ಮಂದಿ ಬದುಕಿದ್ದರು, ಮಾನದಂಡಗಳಿಗೆ ಹೊಂದಿಯೂ ಕಸಿಯಾಗದವರಲ್ಲಿ ಶೇ 51. ನನ್ನ ಸಹೋದ್ಯೋಗಿ ಎತ್ತಿದ ಆಯ್ಕೆಯ ಆಕ್ಷೇಪ ಇದಕ್ಕೂ ಅನ್ವಯಿಸುತ್ತದೆ. ಕೊನೆಯ ಷರತ್ತನ್ನು ಗಮನಿಸಿ: ಕಸಿಯವರೂ ಆರು ತಿಂಗಳು ಕಾದು ನೋಡುತ್ತಾರೆ. ಸದ್ಯ ತಂದೆಯವರಿಗೆ ಅದು ದೂರದ ಮಾತು. ಮೂಲ ಗಡ್ಡೆ ಇನ್ನೂ ಒಳಗಿದೆ.

ಅವರ ಸ್ಕ್ಯಾನುಗಳನ್ನು ಶಸ್ತ್ರಚಿಕಿತ್ಸಕರು, ಔಷಧ ವೈದ್ಯರು, ರೇಡಿಯಾಲಜಿ ಮತ್ತು ನ್ಯೂಕ್ಲಿಯರ್ ಮೆಡಿಸಿನ್ ತಜ್ಞರು ಒಂದೇ ಮೇಜಿನ ಸುತ್ತ ಕುಳಿತು ನೋಡುವಂತೆ ಕೇಳಿಕೊಳ್ಳಿ. ನಿಮಗೆ ಸಿಕ್ಕ ಇಬ್ಬರು ವೈದ್ಯರು ಒಬ್ಬರೊಡನೊಬ್ಬರು ಮಾತನಾಡಿದ್ದಾರೆಯೇ?

ರೋಗಿಯ ಮಗಳು

ಇಲ್ಲ, ಮಾತನಾಡಿಲ್ಲ. ಇಂದು ಇಬ್ಬರಿಗೂ ವಿನಂತಿಸಿಕೊಂಡೆ. ಮುಂದಿನ ವಾರದ ಜಂಟಿ ಸಭೆಗೆ ತಂದೆಯವರ ಹೆಸರು ಸೇರಿಸಿದ್ದಾರೆ. ಅದಕ್ಕೆ ಮೊದಲು ಬುಧವಾರ ಎಂಡೋಸ್ಕೋಪಿ, ಶುಕ್ರವಾರ ಯಕೃತ್ತಿನ ಎಂಆರ್‌ಐ. ಲಸಿಕೆಗಳನ್ನು ಈಗಲೇ ಹಾಕಿಸಬಹುದೇ ಎಂದು ಕೇಳಿದ್ದಕ್ಕೆ, ಶಸ್ತ್ರಚಿಕಿತ್ಸೆ ನಿಶ್ಚಯವಾಗದಿದ್ದರೂ ಹಾಕಿಸಿಕೊಂಡರೆ ನಷ್ಟವಿಲ್ಲ ಎಂದರು. ಎಂಡೋಸ್ಕೋಪಿಯ ವರದಿ ಬಂದ ಮೇಲೆ ಇಲ್ಲಿಯೇ ಬರೆಯುತ್ತೇನೆ.